ಅಭಿಪ್ರಾಯ ಕೇಳಲು ಹಾಕಿದ ಮೇಜು

ಗೆಳೆಯರೇ, ಐ.ಟಿ. ಬಂದಾಗಿನಿಂದ ಊರಾಚೆಯ ಹೈಟೆಕ್ ಸಿಟಿಯ ಮೇಲೇ ನೆಟ್ಟಿದ್ದ ದೊಡ್ಡವರ ಕಣ್ಣು ಕೊನೆಗೂ ನಮ್ಮ ಸುಲ್ತಾನ್ ಬಜಾರಿನ ಮೇಲೆ ಬಿದ್ದಿದೆ. ಇಂದು ಬೆಳಿಗ್ಗೆ ನಮ್ಮ ಸೀರೆ ಅಂಗಡಿಯ ಮುಂದೆ ನಗರ ಯೋಜನೆಯವರು ಮೇಜು ಹಾಕಿ, ಹಿಂದೊಂದು ಫ್ಲೆಕ್ಸ್ ಕಟ್ಟಿದರು: ‘ಜನರಿಗಾಗಿ ನಗರಕೇಂದ್ರ. ಇಪ್ಪತ್ತು ವರ್ಷಗಳ ಯೋಜನೆ. ನಿಮ್ಮ ಅಭಿಪ್ರಾಯ ತಿಳಿಸಿ.’ ಮೇಜಿಗೆ ಜಾಗ ಬೇಕಲ್ಲ, ಅಲ್ಲಿ ಕೂತು ಬಳೆ ಮಾರುವ ಮಲ್ಲಮ್ಮನನ್ನು ಎಬ್ಬಿಸಿದರು.

ಯಾದಗಿರಿ ಕಡೆಯ ಮಲ್ಲಮ್ಮ ಬುಟ್ಟಿ ಹೊತ್ತುಕೊಂಡೇ ಅಭಿಪ್ರಾಯ ಹೇಳಲು ನಿಂತಳು. ಫ್ಲೆಕ್ಸಿನ ಚಿತ್ರದಲ್ಲಿ ಮರ, ಬೆಂಚು, ಬಲೂನು ಹಿಡಿದ ಮಗು, ಕೊನೆಗೆ ಒಂದು ನಾಯಿಯೂ ಇತ್ತು.

“ಇದರಾಗ ನಾ ಎಲ್ಲಿ ಅದೀನ್ರಿ?” ಎಂದಳು. ಕನ್ನಡ ಬಾರದ ಯೋಜನೆಯವರಿಗೆ ನಾನು ಅದನ್ನು ತೆಲುಗಿನಲ್ಲಿ ತಿಳಿಸಿದೆ.

ಯೋಜನೆಯ ಮೇಡಂ ನಕ್ಕರು. “ಆ ಬೆಂಚು ನಿಮ್ಮಂಥವರಿಗೇ ಅಮ್ಮ. ಆರಾಮವಾಗಿ ಕೂರಬಹುದು.”

“ನಾ ಬೆಂಚಿನ ಮ್ಯಾಲ ಕುಂತ್ರ ಬುಟ್ಟಿ ಎಲ್ಲಿ ಇಡಬೇಕ್ರಿ?”

“ಬುಟ್ಟಿ ಇಡುವ ಹಾಗಿಲ್ಲ. ನಡೆಯುವ ಜನರಿಗೆ ಅಡ್ಡಿಯಾಗುತ್ತದೆ.”

ಮಲ್ಲಮ್ಮ ಬುಟ್ಟಿ ಸಮೇತ ಪಕ್ಕದ ಕೋಠಿ ಬಡಾವಣೆ ಕಡೆ ಹೊರಟುಹೋದಳು.

ಮಧ್ಯಾಹ್ನ ಅದೇ ಮೇಡಂ ನಮ್ಮಲ್ಲಿ ಗಿಳಿಹಸಿರು ಸೀರೆ ಕೊಂಡರು. ನಮ್ಮ ಬಜಾರಿನ ರೂಢಿ ಅವರಿಗೂ ಗೊತ್ತು: ಒಳಗೆ ಸೀರೆ ಕೊಂಡವರು ಮೆಟ್ಟಿಲಿಳಿದು, ಸೆರಗಿನ ಬಣ್ಣಕ್ಕೆ ಹಿಡಿದು ನೋಡಿ ಬಳೆ ಆರಿಸುತ್ತಾರೆ. ಅವರೂ ಹೊಸ ಸೀರೆಯ ಸೆರಗನ್ನು ಕೈಯಲ್ಲಿ ಬಿಡಿಸಿ ಹಿಡಿದು ಇಳಿದರು. ಅತ್ತಿತ್ತ ನೋಡಿ, “ಇಲ್ಲಿ ಮ್ಯಾಚಿಂಗ್ ಬಳೆ ಎಲ್ಲಿ ಸಿಗುತ್ತೆ?” ಎಂದರು.

ನಾನೆಂದೆ: “ನಿಮ್ಮ ಮೇಜು ಇರೋ ಜಾಗದಲ್ಲೇ ಸಿಗುತ್ತಿತ್ತು ಮೇಡಂ. ಇಪ್ಪತ್ತು ವರ್ಷ ಹಿಡಿಯುತ್ತೆ ಅಂದಿದ್ದಿರಿ, ಊಟದ ಹೊತ್ತಿಗೇ ಕೆಲಸ ಮುಗಿಸಿಬಿಟ್ಟಿರಲ್ಲ!”