ತೀರಿಕೊಂಡವರ ಮೇಲೊಂದು ಗೀಟು

"ಏನೂ ಬೇಡಮ್ಮ, ನಾವ್ ತಗೊಳಲ್ಲ."

ನಾನಿನ್ನೂ ಬಾಯಿ ತೆರೆದಿರಲಿಲ್ಲ. ಬೆಂಗಳೂರಿನ ಶ್ರೀನಗರದ ಒಂದೇ ಬೀದಿಯಲ್ಲಿ ಒಂಬತ್ತು ಮನೆಯವರು ಗ್ರಿಲ್ಲಿನ ಆಚೆಯಿಂದಲೇ ಹೀಗೆ ಹೇಳಿ ಒಳಗೆ ಹೋದರು. ಗುಳೇದಗುಡ್ಡದ ನಮ್ಮ ಓಣಿಯಲ್ಲಿ ಹಗಲು ಬಾಗಿಲು ಮುಚ್ಚಿದೆಯೆಂದರೆ ಮನೆಯವರು ಊರಲ್ಲಿಲ್ಲ ಎಂದರ್ಥ. ಇಲ್ಲಿ ಒಳಗೆ ಜನ ಇದ್ದಾರೆಂದೇ ಬಾಗಿಲು ಮುಚ್ಚಿರುತ್ತದೆ. ಕೈಯಲ್ಲಿ ಫೈಲು, ಕೊರಳಲ್ಲಿ ಐಡಿ ಕಾರ್ಡು. ಸೋಪು ಮಾರುವವಳು ಎಂದುಕೊಂಡರೆ ಅವರದೇನು ತಪ್ಪು?

ನಾನು ಬಂದದ್ದು ವಂಶಾವಳಿ ಬರೆಯಲು. ಮಾನವಶಾಸ್ತ್ರ ಎಂ.ಎ., ಎರಡನೆಯ ವರ್ಷ. ಪರಿಚಯವಿಲ್ಲದ ಒಂದು ಮನೆಯ ಮೂರು ತಲೆಮಾರನ್ನು ಹಾಳೆಗೆ ಇಳಿಸಿ, ಹೇಳಿದವರ ಸಹಿ ಹಾಕಿಸಿ ಸೋಮವಾರ ಮೇಷ್ಟ್ರಿಗೆ ಒಪ್ಪಿಸಬೇಕು. ಮನೆಮನೆ ಸುತ್ತಿ ಆರೋಗ್ಯದ ಅಧ್ಯಯನ ಮಾಡುವ ಜೆ.ಪಿ. ನಗರದ ಸಂಸ್ಥೆಯೊಂದು, ಆ ಹಾಳೆ ನೋಡಿದ ಮೇಲೆಯೇ ಕೆಲಸದ ಮಾತು ಎಂದಿತ್ತು. ಕೆಲಸ ಸಿಗದಿದ್ದರೆ ಪರೀಕ್ಷೆ ಮುಗಿದೊಡನೆ ಊರಿಗೆ ವಾಪಸು ಎಂದು ಮನೆಯಲ್ಲಿ ಮಾತಾಗಿತ್ತು.

"ಬಿ.ಎಡ್ ಮಾಡಿದ್ರ ಟೀಚರ್ ಆಗ್ತಿದ್ದಿ. ಇದನ್ನ ಓದಿ ಏನಾಗಾಕಿ ನೀ?" ದೊಡ್ಡಪ್ಪ ವಾರಕ್ಕೊಮ್ಮೆ ಫೋನಿನಲ್ಲಿ ಕೇಳುತ್ತಾರೆ. ಮ್ಯೂಸಿಯಂ, ಬುಡಕಟ್ಟು ಸಂಶೋಧನೆ, ಜನ ಮೊಬೈಲು ಹೇಗೆ ಬಳಸುತ್ತಾರೆಂದು ಕಂಪನಿಗಳಿಗೆ ನೋಡಿ ಹೇಳುವ ಕೆಲಸ, ಎಲ್ಲವನ್ನೂ ಹೇಳಿದ್ದೇನೆ. "ಮಂದಿ ಮನ್ಯಾಗ ಕುಂತು ನೋಡಾಕ ಪಗಾರ ಕೊಡ್ತಾರ?" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಹತ್ತನೆಯ ಮನೆಯ ಪುಟ್ಟಮ್ಮಜ್ಜಿ ಗ್ರಿಲ್ ತೆಗೆದರು. "ಯಾವೂರಮ್ಮ ನಿಂದು? ಬಿಸಿಲಲ್ಲಿ ನಿಂತಿದ್ಯಲ್ಲ, ಬಾ." ಕಾಫಿ ಬಂತು, ಮಾತು ಹರಿಯಿತು. ನಾನು ಬರೆಯುತ್ತ ಹೋದೆ: ಗಂಡಸಿಗೆ ತ್ರಿಕೋನ, ಹೆಂಗಸಿಗೆ ವೃತ್ತ, ತೀರಿಕೊಂಡವರ ಮೇಲೊಂದು ಓರೆ ಗೀಟು. ಥಟ್ಟನೆ ಅಜ್ಜಿ ನನ್ನ ಕೈ ಹಿಡಿದರು.

"ಇದ್ಯಾರು?"

"ನಿಮ್ಮ ಯಜಮಾನ್ರು, ಅಜ್ಜಿ." ಗಂಡನಿಗೆ ಇಲ್ಲಿ ಹಾಗೆನ್ನುತ್ತಾರೆ, ನಮ್ಮ ಕಡೆ 'ಮನೆಯವರು' ಎನ್ನುತ್ತಾರೆ.

"ಅವ್ರನ್ನ ಯಾಕ್ ಹೊಡೆದ್ ಹಾಕ್ದೆ?"

"ತೀರಿಕೊಂಡವ್ರಿಗೆ ಹಂಗ ಗೀಟು ಹಾಕ್ತಾರ್ರೀ."

"ರೇಷನ್ ಕಾರ್ಡಲ್ಲಿ ಹೊಡೆದ್ ಹಾಕಿದ್ರು, ಸರಿ, ಅಕ್ಕಿ ಕೊಡೋರು ಅವ್ರು. ನೀನೇನ್ ಕೊಡ್ತೀಯಾಂತ ಹೊಡೆದ್ ಹಾಕ್ದೆ?"

ಸೊಸೆ ಮಂಜುಳಾ ಎದ್ದು ನಿಂತರು. "ಸಾಕು, ಹೊರಡಮ್ಮ. ಅತ್ತೆಗೆ ಬಿಪಿ ಇದೆ."

ಬಿಟಿಎಂನ ಪಿಜಿಗೆ ಬಂದರೆ ಅದೇ ಅನ್ನ, ಅದೇ ಸಾರು. ರೊಟ್ಟಿ ಬೇಕೆನಿಸುವುದು ಇಂಥ ದಿನಗಳಲ್ಲೇ. ಹಳೆಯ ಫೈಲಿನಿಂದ, ಮೊದಲ ವರ್ಷ ಬರೆದ ನಮ್ಮ ಮನೆಯ ವಂಶಾವಳಿ ತೆಗೆದೆ. ನನಗೆ ಮಾತು ಕಲಿಸಿದವಳು ಆಯಿ, ನಮ್ಮಪ್ಪನ ತಾಯಿ. ಮಗ್ಗದ ಪಕ್ಕ ಕೂರಿಸಿಕೊಂಡು ಊರ ಕಥೆಯನ್ನೆಲ್ಲ ಹೇಳಿದವಳು. ಅವಳ ಮೇಲೂ ಗೀಟು. ಸ್ಕೇಲಿಟ್ಟು ಅಚ್ಚುಕಟ್ಟಾಗಿ ಎಳೆದಿದ್ದೆ. ಪೂರ್ತಿ ಅಂಕ ಬಂದಿತ್ತು.

ಭಾನುವಾರ ಖಾಲಿ ಹಾಳೆ ಹಿಡಿದು ಮತ್ತೆ ಹೋದೆ.

"ಮತ್ತೆ ಬಂದ್ಯಾ?" ಎಂದರು ಮಂಜುಳಾ.

"ಸಹಿ ಕೇಳಂಗಿಲ್ಲ ಅಕ್ಕಾ. ಅಜ್ಜಿಗೆ ಒಂದು ಮಾತು ಕೇಳ್ಬೇಕ್ರಿ."

ಒಳಗಿನಿಂದ ಅಜ್ಜಿಯೇ ಕರೆದರು. ಅಜ್ಜನವರನ್ನು ಹಾಳೆಯಲ್ಲಿ ಹೇಗೆ ತೋರಿಸಲಿ, ನೀವೇ ಹೇಳಿ ಎಂದೆ. ಅವರು ಗೋಡೆಯ ಮೇಲಿನ ಅಜ್ಜನ ಫೋಟೋದತ್ತ ಕೈ ತೋರಿಸಿದರು.

"ಫೋಟೋಗೆ ಹೂವ ಮುಡಿಸ್ತೀವಲ್ಲ, ಹಂಗೆ ಒಂದ್ ಹೂವ ಬರಿ. ಬರುತ್ತೋ, ಕಾಲೇಜಲ್ಲಿ ಅದೂ ಕಲ್ಸಿಲ್ವೋ?"

ಮೇಷ್ಟ್ರ ನಿಯಮದಲ್ಲಿ ಹೂವಿಲ್ಲ. ಅಂಕ ಹೋದರೆ ಕೆಲಸವೂ ಹೋದಂತೆ. ಆದರೂ ಬರೆದೆ. ಗಂಡನಿಗೊಂದು, ಅತ್ತೆ ಮಾವನಿಗೆ, ಅಪ್ಪ ಅಮ್ಮನಿಗೆ, ಅಕ್ಕನಿಗೆ. ಕೊನೆಗೆ, ಅವತ್ತು ಹೇಳದೆ ಬಿಟ್ಟಿದ್ದ, ಎಂಟೇ ದಿನ ಬದುಕಿದ ಮಗಳಿಗೊಂದು.

"ನಮಗ್ ಗೊತ್ತೇ ಇರ್ಲಿಲ್ವಲ್ಲ ಅತ್ತೆ!" ಮಂಜುಳಾ ಅಲ್ಲೇ ಕುಳಿತುಬಿಟ್ಟರು.

"ಯಾರ್ ಕೇಳಿದ್ರು?"

ಪೆನ್ನು ಅಜ್ಜಿಯೇ ಕಸಿದುಕೊಂಡರು. "ಸಹಿ ಹಾಕ್ತೀನಿ. ಮೊದ್ಲು ನಿಮ್ಮನೇದು ಬರಿ, ನೋಡೋಣ."

ಇನ್ನೊಂದು ಹಾಳೆಯಲ್ಲಿ ಬರೆದೆ. ಆಯಿಗೆ ಹೂವಿಟ್ಟೆ. ಒಂದೇ ಒಲೆಯ ಅಡುಗೆ ಉಣ್ಣುವವರನ್ನೆಲ್ಲ ಒಂದು ಗೆರೆಯಿಂದ ಸುತ್ತುವುದು ನಮ್ಮ ಶಾಸ್ತ್ರದ ಕ್ರಮ. ದೊಡ್ಡಪ್ಪ, ಅಪ್ಪ, ಅವ್ವ, ತಮ್ಮ ಎಂದು ಸುತ್ತುತ್ತ ಬಂದ ಗೆರೆ ನನ್ನ ವೃತ್ತದ ಬಳಿ ನಿಂತಿತು.

"ನೀನ್ ಒಳಗೋ, ಹೊರಗೋ?"

"ತಿಳೀವಲ್ದು ಅಜ್ಜಿ."

ಅವರು ತಮ್ಮ ಹಾಳೆ ಎಳೆದುಕೊಂಡು ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದರು. "ನಂದಾಯ್ತು. ನಿಂದು ನೀನೇ ಮುಗಿಸ್ಕೋ."

ಮೇಷ್ಟ್ರು ಎರಡು ಅಂಕ ಕಳೆದರು. ಸಂಸ್ಥೆಯವರು ಹೂಗಳ ಕಥೆಯನ್ನು ಎರಡು ಸಲ ಕೇಳಿಸಿಕೊಂಡು, ಮೂರು ತಿಂಗಳ ಮಟ್ಟಿಗೆ ಬನ್ನಿ ಎಂದಿದ್ದಾರೆ. ಆಮೇಲೇನು ಎಂದು ಅವರೂ ಹೇಳಿಲ್ಲ, ನಾನೂ ಕೇಳಲಿಲ್ಲ. ಸುದ್ದಿ ಕೇಳಿ ದೊಡ್ಡಪ್ಪ ಈ ಸಲ ನಗಲಿಲ್ಲ. "ಹಂಗಾದ್ರ ನೀ ಇನ್ ಬರಂಗಿಲ್ಲ?" ಎಂದರು. ಬರ್ತೀನಿ ಎನ್ನಲು ಹೋಗಿ, ಬರುವುದೆಂದರೆ ಈಗ ಯಾವ ಊರಿಗೆ, ಹೋಗುವುದೆಂದರೆ ಯಾವ ಊರಿಗೆ ಎಂದು ಒಂದು ಗಳಿಗೆ ತಡವರಿಸಿದೆ. ನನ್ನ ವೃತ್ತದ ಬಳಿ ನಿಂತ ಆ ಗೆರೆಯನ್ನು ಇನ್ನೂ ಮುಗಿಸಿಲ್ಲ.