ಅಪ್ಪ ಕೇಳಬೇಕಾಗಿದ್ದ ದನಿ

ಅಪ್ಪ ಸೈನ್ಯದಲ್ಲಿ ವೈರ್‌ಲೆಸ್ ನೋಡಿಕೊಳ್ಳುತ್ತಿದ್ದರು. ಸೇವೆ ಮುಗಿಸಿ ಪಿರಿಯಾಪಟ್ಟಣದ ಹತ್ತಿರದ ಹಾರನಹಳ್ಳಿಗೆ ಬಂದು ಹೊಗೆಸೊಪ್ಪು ಬೆಳೆಯತೊಡಗಿದ ಮೇಲೆ ಯಾರಾದರೂ ಯುದ್ಧದ ಮಾತು ತೆಗೆದರೆ ಎದ್ದು ಹೋಗುತ್ತಿದ್ದರು. ಒಂದು ದಿನದ ಕಥೆಯನ್ನು ಮಾತ್ರ ನನಗೂ ಅವ್ವನಿಗೂ ಎಷ್ಟು ಸಲ ಹೇಳಿದ್ದರೋ ಲೆಕ್ಕವಿಲ್ಲ.

ನಾನಾಗ ಅವ್ವನ ಹೊಟ್ಟೆಯಲ್ಲಿದ್ದೆ. ಉತ್ತರದ ಗಡಿಯ ಬೆಟ್ಟಗಳಲ್ಲಿ ಯುದ್ಧ ನಡೆಯುತ್ತಿತ್ತು. ಅಪ್ಪನ ತುಕಡಿ ಒಂದು ಬೋಳು ಇಳಿಜಾರಿನಲ್ಲಿ ಸಿಕ್ಕಿಕೊಂಡಿತ್ತು. ಮೇಲಿನ ಬಂಕರಿನಿಂದ ಬಿಡದೆ ಗುಂಡು ಬರುತ್ತಿತ್ತು. ನಾಲ್ವರಿಗೆ ಪೆಟ್ಟಾಗಿತ್ತು. ತುಕಡಿಯ ಅಧಿಕಾರಿಯೂ ಅವರಲ್ಲಿ ಒಬ್ಬರಾಗಿದ್ದರಿಂದ, ಬೆಂಬಲಕ್ಕೆ ಬಂದ ಹೆಲಿಕಾಪ್ಟರಿಗೆ ಗುರಿ ತೋರಿಸುವ ಕೆಲಸ ಅಪ್ಪನ ಮೇಲೆ ಬಿತ್ತು. ಮೊದಲ ಸುತ್ತಿನಲ್ಲಿ ರಾಕೆಟ್ ಬಂಕರಿನ ಎಡಕ್ಕೆ ಬಿದ್ದು ಬರೀ ಕಲ್ಲು ಸಿಡಿಯಿತು. ಅದುವರೆಗೆ ಹಿಂದಿಯಲ್ಲಿ ಮಾತಾಡುತ್ತಿದ್ದ ಅಪ್ಪ ಗಾಬರಿಯಲ್ಲಿ, "ಅಯ್ಯಯ್ಯೋ, ಬಲಕ್ಕೆ, ಬಲಕ್ಕೆ!" ಎಂದು ಕನ್ನಡದಲ್ಲಿ ಕೂಗಿಬಿಟ್ಟರು.

ಸ್ವಲ್ಪ ಹೊತ್ತು ಗರಗರ ಸದ್ದು. ಆಮೇಲೆ ಪೈಲಟ್ ಕನ್ನಡದಲ್ಲೇ ಕೇಳಿದರಂತೆ, "ಯಾವೂರಯ್ಯ ನಿಂದು?"

"ಪಿರಿಯಾಪಟ್ಣ ಸಾರ್."

"ನಾನು ಮೈಸೂರಿನೋನು ಕಣಯ್ಯ. ಹೆದರಬೇಡ. ಎಷ್ಟು ಬಲಕ್ಕೆ, ಸರಿಯಾಗಿ ಹೇಳು."

ಎರಡನೆಯ ರಾಕೆಟ್ ಬಂಕರಿನ ಒಂದು ಮೂಲೆಯನ್ನು ಹಾರಿಸಿತು. ಆದರೂ ಗುಂಡು ನಿಲ್ಲಲಿಲ್ಲ. ಹೆಲಿಕಾಪ್ಟರಿಗೂ ಪೆಟ್ಟು ಬಿದ್ದು ಬಾಲದ ಬಳಿ ಹೊಗೆ ಕಾಣಿಸಿಕೊಂಡಿತು. "ಹೊಗೆ ಬತ್ತಾ ಅದೆ, ವಾಪಸ್ ಹೋಗಿ ಸಾರ್" ಎಂದು ಅಪ್ಪ ಅಂಗಲಾಚಿದರು.

"ಅವರು ನನ್ನ ಮೇಲೆ ಹೊಡೀತಾ ಇರಲಿ. ಅಷ್ಟರಲ್ಲಿ ನಿನ್ನವರನ್ನ ಎತ್ಕೊಂಡು ನಡಿ."

ಆಮೇಲೆ ಪೈಲಟ್ ಬಳಿ ಹೊಡೆಯಲು ರಾಕೆಟ್ ಉಳಿದಿರಲಿಲ್ಲ. ಸುಮ್ಮನೆ ಎರಡು ಸುತ್ತು ಬಂಕರಿನ ಮುಂದೆಯೇ ಹಾರಾಡಿದರು. ಬಂಕರಿನವರ ಗುಂಡೆಲ್ಲ ಆಕಾಶಕ್ಕೆ ತಿರುಗಿತು. ಅಪ್ಪ ಮತ್ತು ಉಳಿದವರು ಗಾಯಾಳುಗಳನ್ನು ಎಳೆದುಕೊಂಡು ಬಂಡೆಯ ಮರೆ ಸೇರಿದರು. ಹೆಲಿಕಾಪ್ಟರ್ ಓಲಾಡುತ್ತ ಗುಡ್ಡದಾಚೆ ಮರೆಯಾಯಿತು. ಕಣಿವೆಯಲ್ಲಿ ಹೇಗೋ ಇಳಿದು ಪೈಲಟ್ ಉಳಿದುಕೊಂಡರು ಎನ್ನುವುದು ಅಪ್ಪನಿಗೆ ತಿಳಿದದ್ದು ವಾರದ ಮೇಲೆ.

ಅವರ ಮುಖವನ್ನು ಅಪ್ಪ ನೋಡಿರಲಿಲ್ಲ. "ಮೈಸೂರು ಇಲ್ಲೇ ಅದೆ, ಹುಡುಕಬಾರದಾ?" ಎಂದು ಅವ್ವ ಕೇಳಿದರೆ, "ಅವರು ಆಫೀಸರು, ನಾನ್ ಸಿಪಾಯಿ. ಎಂಗೆ ಓಗಿ ಮಾತಾಡ್ಸಾನ ಬುಡು" ಎನ್ನುತ್ತಿದ್ದರು.

ಎರಡು ವರ್ಷದ ಹಿಂದೆ, ಸೊಪ್ಪು ಮುರಿಯುವ ಕಾಲದ ಒಂದು ಭಾನುವಾರ. ಹುಣಸೂರಿನ ಶಾಲೆಯಲ್ಲಿ ಪಾಠ ಮಾಡುವ ನನಗೆ ಅಂದು ರಜ. ಅಪ್ಪ ಮೋಟರಿನ ಯಾವುದೋ ಭಾಗ ತರಲು ಪಿರಿಯಾಪಟ್ಟಣಕ್ಕೆ ಹೋಗಿದ್ದರು. ಆಳುಗಳ ಜೊತೆ ಕೂತು ಹಸಿ ಸೊಪ್ಪನ್ನು ಒಣಗಿಸಲೆಂದು ಕಡ್ಡಿಗೆ ಕಟ್ಟುತ್ತಿದ್ದೆ. ಕೈಯೆಲ್ಲ ಕಪ್ಪು ಅಂಟು. ಗೇಟಿನ ಮುಂದೆ ಬಿಳಿ ಕಾರು ನಿಂತಿತು. ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡಿದ್ದ ವಯಸ್ಸಾದವರೊಬ್ಬರು ಇಳಿದು, "ಅಪ್ಪ ಇದ್ದಾರೇನಮ್ಮ?" ಎಂದರು. ದನಿ ಎಷ್ಟು ಒಡೆದಿತ್ತೆಂದರೆ ಎರಡು ಸಲ ಕೇಳಿಸಿಕೊಳ್ಳಬೇಕಾಯಿತು.

"ಇಲ್ಲ. ಸೈಟಿನ ವಿಷಯ ಆದ್ರೆ ನಮಗೆ ಬೇಡ" ಎಂದೆ. ನಿವೃತ್ತ ಸೈನಿಕರ ಮನೆಗೆ ಸೈಟು ಮಾರುವವರು ಬರುತ್ತಲೇ ಇರುತ್ತಾರೆ. ಅದರ ಹಿಂದಿನ ವಾರ ಇಬ್ಬರು ಬಂದಿದ್ದರು.

ಅವರು ನಕ್ಕು, "ಸೈಟ್ ಅಲ್ಲಮ್ಮ. ಸ್ವಲ್ಪ ಹೊತ್ತು ಕೂತಿರಲಾ?" ಎಂದರು.

"ಕೆಲಸ ನಡೀತಿದೆ. ಇನ್ನೊಂದು ದಿನ ಬನ್ನಿ."

ಅವರು ಏನೋ ಹೇಳಲು ಹೋಗಿ ಕೆಮ್ಮಿದರು. ಕೆಮ್ಮು ನಿಲ್ಲುವವರೆಗೂ ನಾನು ಕಾಯಲಿಲ್ಲ. ಬೆನ್ನು ತಿರುಗಿಸಿ ಸೊಪ್ಪಿನ ಹತ್ತಿರ ಹೋಗಿ ಕೂತೆ. ಕುಡಿಯಲು ನೀರು ಬೇಕೇ ಎಂದೂ ಕೇಳಲಿಲ್ಲ. ಕಾರು ಹೊರಟುಹೋಯಿತು. ಅಪ್ಪ ಬಂದು ಊಟಕ್ಕೆ ಕೂತಾಗ "ಯಾರೋ ಸೈಟಿನವರು ಬಂದಿದ್ರು" ಎಂದೆ. ಅವರು ತಲೆಯಾಡಿಸಿದರು, ಅಷ್ಟೆ.

ಹತ್ತು ಹನ್ನೆರಡು ದಿನ ಕಳೆದಿರಬೇಕು. ಅಪ್ಪನ ಜೊತೆ ಸೇವೆಯಲ್ಲಿದ್ದ ಕೆ.ಆರ್. ನಗರದ ಗೆಳೆಯರೊಬ್ಬರು ಫೋನ್ ಮಾಡಿದರು. "ಏನ್ಲಾ, ಎಲಿಕಾಪ್ಟರ್ ಸಾಹೇಬ್ರು ನಿಮ್ಮನೆಗೆ ಬಂದಿದ್ರಾ? ನಿನ್ನ ಅಡ್ರೆಸ್ ಹುಡುಕ್ಕಂಡು ನಂತಾವ ಬಂದಿದ್ರು ಕಣ್ಲಾ."

ಅಪ್ಪ ಫೋನ್ ಇಳಿಸಿ ನನ್ನ ಕಡೆ ನೋಡಿದರು. ಬೈಯುತ್ತಾರೆ ಎಂದುಕೊಂಡೆ.

"ದನಿ ಎಂಗಿತ್ತು ಮಗ?" ಎಂದು ಮಾತ್ರ ಕೇಳಿದರು.

ಗೆಳೆಯರಿಂದ ನಂಬರ್ ಪಡೆದು ಅಪ್ಪ ಆಗಲೇ ಫೋನ್ ಮಾಡಿದರು. ಎತ್ತಿದ್ದು ಪೈಲಟ್ ಅವರ ಹೆಂಡತಿ. ಗಂಟಲಿನಲ್ಲಿ ಕ್ಯಾನ್ಸರ್ ಇತ್ತಂತೆ, ಆಪರೇಷನ್ ಆಗಿ ನಾಲ್ಕು ದಿನವಾಗಿತ್ತು. "ಧ್ವನಿಪೆಟ್ಟಿಗೆ ತೆಗೆದುಬಿಟ್ಟಿದ್ದಾರೆ. ಮಾತು ಇರೋವಾಗಲೇ ನಿಮ್ಮ ಹತ್ರ ಒಂದ್ಸಲ ಮಾತಾಡಬೇಕು ಅಂತ ಬಂದಿದ್ರು" ಎಂದರು.

ತಿಂಗಳ ಮೇಲೆ ಅಪ್ಪ, ನಾನು ಇಬ್ಬರೂ ಮೈಸೂರಿಗೆ ಹೋದೆವು. ಪೈಲಟ್ ಬಾಗಿಲಲ್ಲೇ ನಿಂತಿದ್ದರು. ಅಪ್ಪ ಸೆಲ್ಯೂಟ್ ಹೊಡೆದರು. ಅವರು ಆ ಕೈಯನ್ನು ಹಿಡಿದು ಇಳಿಸಿ ಅಪ್ಪಿಕೊಂಡರು. ಒಳಗೆ ಕೂತ ಮೇಲೆ ಪುಸ್ತಕವೊಂದನ್ನು ತೊಡೆಯ ಮೇಲಿಟ್ಟುಕೊಂಡು ಬರೆದರು: "ಆ ನಾಲ್ಕು ಜನ ಉಳಿದರಾ?"

"ಮೂವರು ಉಳಿದ್ರು ಸಾರ್. ಒಬ್ಬ ಚಿಕ್ಕ ಹುಡುಗ. ಬಂಡೆ ಹಿಂದಕ್ಕೆ ಬಂದ ಮೇಲೆ, ನನ್ ತೊಡೆ ಮೇಲೇ ಹೋದ."

ಅವರು ಪುಟ ಮಗುಚಿದರು. ಆಮೇಲೆ ಬರೆದರು: "ಮೊದಲ ರಾಕೆಟ್ ತಪ್ಪದಿದ್ದರೆ ಅವನೂ ಉಳಿಯುತ್ತಿದ್ದ."

"ಅಂಗನ್ಬೇಡಿ ಸಾರ್" ಎಂದು ಅಪ್ಪ ಅತ್ತರು. ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಹೊರಡುವಾಗ ನಾನು ಅವರ ಕಾಲು ಮುಟ್ಟಿ, ಅವತ್ತು ತಪ್ಪಾಯಿತು ಎಂದೆ. ಅವರು ನಗುತ್ತ, "ನನ್ನನ್ನು ನೋಡಿದರೆ ಯಾರಿಗಾದರೂ ಸೈಟು ಕೊಳ್ಳಬೇಕು ಅನ್ನಿಸುತ್ತಾ?" ಎಂದು ಬರೆದು ತೋರಿಸಿದರು. ನನಗೆ ನಗಲಾಗಲಿಲ್ಲ.

ವಾಪಸಾಗುವಾಗ ಬಸ್ಸು ಬಿಳಿಕೆರೆ ದಾಟಿತು. ಅಪ್ಪ, "ನೀನು ಕೂರ್ಸಿದ್ರೂ ನಾನ್ ಸಿಕ್ತಿರ್ನಿಲ್ಲ ಬುಡವ್ವ. ಅವತ್ತು ನಾನ್ ಬರೋದು ಬಾಳ ಹೊತ್ತಾಗಿತ್ತು" ಎಂದರು.

ಅಪ್ಪ ಅವತ್ತು ಬಂದದ್ದು ಆ ಕಾರು ಹೋದ ಅರ್ಧ ಗಂಟೆಗೆ. ಅದು ನನಗೂ ಗೊತ್ತು, ಅಪ್ಪನಿಗೂ ಗೊತ್ತು. "ಹೂಂ ಅಪ್ಪ" ಎಂದೆ.