ಅಟ್ಟದ ಮೇಲಿನ ಕೊನೆಯ ಕೋಲು

ಅಪ್ಪ ಸತ್ತಾಗ ಅಟ್ಟದ ಮೇಲೆ ಹನ್ನೊಂದು ಕೋಲುಗಳಿದ್ದವು. ಒಂದೊಂದೂ ಮೂರಡಿ ಉದ್ದ, ಮುಂಗೈ ದಪ್ಪ, ಎರಡು ತುದಿಗೂ ಬೋಲ್ಟು ತೂರಿಸಲು ತೂತು. ಅಗಸೆ ಎಣ್ಣೆ ಕುಡಿದು ಕುಡಿದು ಜೇನಿನ ಬಣ್ಣಕ್ಕೆ ತಿರುಗಿದ್ದ ಆ ಕೋಲುಗಳನ್ನು ಯಾರಾದರೂ ಸೌದೆ ಎಂದರೆ ಮುಗಿಯಿತು, ಅಂಥವರ ಜತೆ ಮಗಳು ಕತ್ತರಿಯಕ್ಕ ಆ ವರ್ಷವಿಡೀ ಮಾತು ಬಿಡುತ್ತಿದ್ದಳು. ಹದಿನೇಳು ವರ್ಷಗಳಲ್ಲಿ ಹತ್ತು ಮುರಿದವು. ಉಳಿದದ್ದು ಒಂದೇ ಒಂದು.

ಕತ್ತರಿಯಕ್ಕ ಅನ್ನುವುದು ಊರು ಇಟ್ಟ ಹೆಸರು. ಅವಳ ಟ್ರ್ಯಾಕ್ಟರಿನ ಬಲಮಗ್ಗುಲಿಗೆ ಆರಡಿ ಉದ್ದದ ಕಬ್ಬಿಣದ ಪಟ್ಟಿ ನೆಲಕ್ಕೆ ಒರಗಿಕೊಂಡು ಚಾಚಿರುತ್ತದೆ. ಪಟ್ಟಿಯ ಉದ್ದಕ್ಕೂ ಮುಂದಕ್ಕೆ ಚಾಚಿದ ಕಬ್ಬಿಣದ ಬೆರಳುಗಳು, ಬೆರಳುಗಳ ಸಂದಿಯಲ್ಲಿ ಅತ್ತಿಂದಿತ್ತ ಓಡಾಡುವ ಮೂರು ಮೂಲೆಯ ಅಲಗುಗಳು. ಹುಲ್ಲು ಬುಡದಲ್ಲಿ ಕತ್ತರಿಸಿಕೊಂಡು, ನಿಂತಲ್ಲೇ ನಿದ್ದೆ ಹೋದಂತೆ ಹಿಂದಕ್ಕೆ ಮಲಗುತ್ತದೆ. ಆ ಕಟಕಟ ಸದ್ದು ಎರಡು ಮೈಲಿ ಆಚೆಗೂ ಕೇಳುತ್ತದೆ. ಈ ಹುಲ್ಲು ಕೊಯ್ಯುವ ಮಿಷನ್ನಿಗೆ ಎಷ್ಟು ವಯಸ್ಸು ಎಂದು ಕೇಳಿದರೆ ಅವಳು, "ನನಗಿಂತ ದೊಡ್ಡದು, ಮರ್ಯಾದೆ ಕೊಟ್ಟು ಮಾತಾಡಿ" ಅನ್ನುತ್ತಾಳೆ. ಅವಳಿಗೇ ಈಗ ಅರವತ್ತೊಂದು.

ಮಿಷನ್ನು ಅವಳ ಕೈಗೆ ಬಂದದ್ದೂ ಒಂದು ತಮಾಷೆಯೇ. ಅಪ್ಪ ಮೊದಲು ಕಲಿಸಲು ಹೊರಟದ್ದು ತಮ್ಮನಿಗೆ. ಆ ಪುಣ್ಯಾತ್ಮ ಮೊದಲ ದಿನವೇ ಹಿಂದಕ್ಕೆ ತಿರುಗಿ ಹುಲ್ಲು ಬೀಳುವ ಚಂದ ನೋಡುತ್ತ ನೋಡುತ್ತ ಪಕ್ಕದವರ ಬೇಲಿಯನ್ನು ತಂತಿಸಮೇತ ಕೊಯ್ದುಹಾಕಿದ. ಹದಿನಾಲ್ಕು ಅಲಗು ಹಾಳು. ಅಪ್ಪ ಬೈಯಲಿಲ್ಲ, ಸೀಟಿನಿಂದ ಇಳಿಸಿ, ಹತ್ತೊಂಬತ್ತರ ಮಗಳನ್ನು ಹತ್ತಿಸಿದರು. ತಮ್ಮ ಹೋಗಿ ಟೈಲರಿಂಗ್ ಕಲಿತ. ಪೇಟೆಬೀದಿಯಲ್ಲಿ ಅಂಗಡಿ ಇಟ್ಟ. "ನಮ್ಮ ಮನೇಲಿ ಇಬ್ರ ಹಣೇಲೂ ಕತ್ತರಿನೇ ಬರೆದಿತ್ತು. ನಂದು ಬಟ್ಟೆ ಮೇಲೆ, ಅಕ್ಕಂದು ಹುಲ್ಲಿನ ಮೇಲೆ" ಎಂದು ಇವತ್ತಿಗೂ ಬಂದವರಿಗೆಲ್ಲ ಹೇಳುತ್ತಾನೆ. ಬೇಲಿಯ ವಿಷಯ ಮಾತ್ರ ಹೇಳುವುದಿಲ್ಲ.

ಅಪ್ಪ ಕಲಿಸಿದ ರೀತಿ ಬೇರೆ. ಹುಲ್ಲಿನ ಕಾಲ ಬರುವ ಮುಂಚೆ ಅಲಗಿನ ಪಟ್ಟಿಯನ್ನು ಎಳೆದು ಎರಡು ಸ್ಟೂಲುಗಳ ಮೇಲೆ ಮಲಗಿಸಬೇಕು. ಸವೆದ ಅಲಗಿನ ಬೆನ್ನಿಗೆ ಒಂದೇ ಪೆಟ್ಟು ಕೊಟ್ಟರೆ ಅದನ್ನು ಪಟ್ಟಿಗೆ ಬಿಗಿದ ರಿವಿಟ್ಟು ತುಂಡಾಗಿ ಬೀಳಬೇಕು. ಎರಡು ಪೆಟ್ಟು ಕೊಟ್ಟೆಯೋ, ನಿನಗೆ ಕೆಲಸ ಬಾರದು ಎಂದರ್ಥ. ಉಳಿದವನ್ನು ಸಾಣೆಕಲ್ಲಿಗೆ ಹಿಡಿಯಬೇಕು, ಕಬ್ಬಿಣ ನೀಲಿಗಟ್ಟದಂತೆ, ನೀರು ಹನಿಸುತ್ತ. ಕೊನೆಗೆ ಪಟ್ಟಿಯನ್ನು ಮತ್ತೆ ತೂರಿಸಿ ಬರಿಗೈಯಲ್ಲಿ ಎಳೆದರೆ ಬೆಣ್ಣೆಯಿಂದ ಕೂದಲು ತೆಗೆದಂತೆ ಬರಬೇಕು. ಹೊಲಕ್ಕಿಳಿದ ಮೇಲೆ ಅಪ್ಪ ಕೊಯ್ದ ಹುಲ್ಲು ಸರಿಸುವ ಉದ್ದನೆಯ ಕವೆಗೋಲು ಹಿಡಿದು ಮಿಷನ್ನಿನ ಹಿಂದೆಯೇ ನಡೆಯುತ್ತಿದ್ದರು. ಪ್ರತಿ ಸುತ್ತು ಮುಗಿದಾಗಲೂ ಅದೇ ಪ್ರಶ್ನೆ: "ಎಣ್ಣೆ ಹಾಕಿದ್ಯಾ?" ಹಾಕುವುದನ್ನು ಕಣ್ಣಾರೆ ಕಂಡಿದ್ದರೂ ಕೇಳುತ್ತಿದ್ದರು. ಅವಳಿಗೆ ಮೈಯೆಲ್ಲ ಉರಿದುಹೋಗುತ್ತಿತ್ತು. "ನೀವೇ ನೋಡಿದ್ರಲ್ಲಪ್ಪ!" ಎಂದರೆ, "ನೋಡಿದೆ. ಆದ್ರೂ ಕೇಳ್ಬೇಕು" ಅನ್ನುತ್ತಿದ್ದರು.

ಈಗ ಸುತ್ತು ಮುಗಿದಾಗ ಯಾರೂ ಕೇಳುವುದಿಲ್ಲ. ಅವಳೇ ಇಂಜಿನ್ ನಿಧಾನ ಮಾಡಿ, "ಎಣ್ಣೆ ಹಾಕಿದ್ಯಾ?" ಎಂದು ಗಟ್ಟಿಯಾಗಿ ಕೇಳಿಕೊಂಡು, ಅವಳೇ "ಹಾಕ್ದೆ" ಅನ್ನುತ್ತಾಳೆ. ದಾರಿಹೋಕರು ನಕ್ಕರೆ ನಗಲಿ.

ಇನ್ನು ಕೋಲಿನ ಮಾತು. ಟ್ರ್ಯಾಕ್ಟರಿನ ಶಕ್ತಿಗೆ ಮಿಷನ್ನಿನಲ್ಲೊಂದು ಎರಕದ ಗಾಲಿ ಗಿರಗಿರ ತಿರುಗುತ್ತದೆ. ಗಾಲಿಗೂ ಅಲಗಿನ ಪಟ್ಟಿಗೂ ನಡುವೆ ಇರುವುದು ಈ ಕೋಲು. ಗಾಲಿಯ ತಿರುಗಾಟವನ್ನು ಅಲಗಿನ ಓಡಾಟ ಮಾಡುವುದು ಅದೇ. ಇಡೀ ಮಿಷನ್ನಿನಲ್ಲಿ ಎಲ್ಲವೂ ಕಬ್ಬಿಣ, ಅದೊಂದು ಮಾತ್ರ ಮರ. ಅವಳು ಮೊದಲ ವಾರವೇ ಕೇಳಿದ್ದಳು, "ಇದೊಂದು ಯಾಕಪ್ಪ ಮರದ್ದು?"

"ಕಲ್ಲು ಸಿಕ್ಕಿದಾಗ ಯಾರಾದ್ರೂ ಸೋಲ್ಬೇಕಲ್ಲಮ್ಮ. ಇದು ಸೋಲುತ್ತೆ, ಮಿಕ್ಕಿದ್ದೆಲ್ಲ ಬದುಕುತ್ತೆ" ಎಂದಿದ್ದರು ಅಪ್ಪ. ಹೇಳಿಬಿಟ್ಟು, ಅಂದು ಮುರಿದಿದ್ದ ಕೋಲನ್ನು ಒಲೆಗೆ ಹಾಕಿ ಅದರಲ್ಲೇ ಕಾಫಿಗೆ ನೀರು ಕಾಯಿಸಿದ್ದರು. ಒಂದು ಹನಿ ಬೇಸರವಿಲ್ಲದೆ.

ಅಂದಮೇಲೆ ಕತ್ತರಿಯಕ್ಕನಿಗೆ ಗೊತ್ತಿರಲಿಲ್ಲ ಎಂದು ಯಾರೂ ಹೇಳುವ ಹಾಗಿಲ್ಲ. ಚೆನ್ನಾಗಿಯೇ ಗೊತ್ತಿತ್ತು. ಗೊತ್ತಿದ್ದೂ ಗೊತ್ತಿದ್ದೂ, ಕೋಲು ಒಂದೇ ಉಳಿದ ಆ ವರ್ಷ ಅವಳು ಮಾಡಬಾರದ್ದನ್ನು ಮಾಡಿದಳು. ಏಣಿ ಹತ್ತಿ ಅಟ್ಟಕ್ಕೆ ಹೋದಳು, ಕೊನೆಯ ಕೋಲನ್ನು ಮುಟ್ಟಿದಳು. ಅಪ್ಪನ ಉಳಿ ಹಾದ ಗುರುತು ಬೆರಳಿಗೆ ಸಿಕ್ಕಿತು. ದಾರದಲ್ಲಿ ಅಳತೆ ಹಿಡಿದುಕೊಂಡು, ಕೋಲನ್ನು ಅಲ್ಲೇ ಬಿಟ್ಟು ಕೆಳಗಿಳಿದು ನೇರ ಕಮ್ಮಾರನ ಹತ್ತಿರ ಹೋಗಿ, "ಇದೇ ಅಳತೆಗೆ ಕಬ್ಬಿಣದಲ್ಲಿ ಒಂದು ಮಾಡ್ಕೊಡು" ಎಂದಳು.

ಕಮ್ಮಾರ ಅವಳಿಗಿಂತ ಇಪ್ಪತ್ತು ವರ್ಷ ಚಿಕ್ಕವನು, ಒಳ್ಳೆಯ ಕೆಲಸಗಾರ. ಎರಡೇ ದಿನದಲ್ಲಿ ಮಾಡಿಕೊಟ್ಟ. "ಅಕ್ಕಾ, ಇದು ಮುರಿದ್ರೆ ನಾನು ಸುತ್ತಿಗೆ ಹಿಡಿಯೋದೇ ಬಿಟ್ಬಿಡ್ತೀನಿ" ಎಂದ.

ಅವನ ಮಾತು ಸುಳ್ಳಾಗಲಿಲ್ಲ. ಮೂರನೆಯ ದಿನ, ಹಾಲಿನವನ ತಗ್ಗಿನ ಹುಲ್ಲುಗಾವಲಿನಲ್ಲಿ ಮುಷ್ಟಿ ಗಾತ್ರದ ಕಲ್ಲೊಂದು ಪಟ್ಟಿಯ ಎರಡು ಬೆರಳುಗಳ ನಡುವೆ ಸಿಕ್ಕಿಕೊಂಡಿತು. ಅಲಗು ನಿಂತಿತು. ಕೋಲು ಸೋಲಲಿಲ್ಲ. ಧಡಾರ್ ಎಂಬ ಸದ್ದಿಗೆ ಮರದ ಮೇಲಿನ ಹಕ್ಕಿಗಳೆಲ್ಲ ಎದ್ದುಹೋದವು. ಅವಳು ಇಂಜಿನ್ ಆರಿಸಿ ಇಳಿದು ನೋಡಿದಳು. ಎರಕದ ಗಾಲಿ ನಡುವಿನಿಂದ ಅಂಚಿನವರೆಗೆ ಬಾಯಿ ಬಿಟ್ಟಿತ್ತು. ಕಬ್ಬಿಣದ ಕೋಲಿಗೆ ಒಂದು ಗೀರು ಕೂಡ ಬಿದ್ದಿರಲಿಲ್ಲ.

ಆ ಗಾಲಿ ತಯಾರಿಸುವುದನ್ನು ನಿಲ್ಲಿಸಿ ನಲವತ್ತು ವರ್ಷವಾಗಿತ್ತು. ಹಾಲಿನವನ ಹುಲ್ಲು ಅರ್ಧ ನಿಂತಿತ್ತು, ಅವಳು ಕೊಯ್ದುಕೊಡಬೇಕಿದ್ದ ಇನ್ನೂ ಆರು ಮನೆಯವರ ಹುಲ್ಲು ಬಲಿತು ಕಾಯುತ್ತಿತ್ತು. ಮೂವತ್ತು ಚಿಲ್ಲರೆ ವರ್ಷ ಅಪ್ಪ ಒಂದು ತುಣುಕೂ ಕೆಡದಂತೆ ಕಾಪಾಡಿ, ಅವಳ ಕೈಗೆ ಕೊಟ್ಟುಹೋಗಿದ್ದ ಮಿಷನ್ನು. ಅವಳು ಪಟ್ಟಿಯ ಪಕ್ಕದಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟಳು. ಅವಮಾನದಿಂದ ಕಿವಿ ಕಾದಿದ್ದವು.

ಸುದ್ದಿ ತಿಳಿದು ತಮ್ಮ ಸೈಕಲ್ಲಿನಲ್ಲಿ ಬಂದ. ಕುತ್ತಿಗೆಯಲ್ಲಿ ಅಳತೆ ಟೇಪು ಹಾಗೇ ಇತ್ತು. ಗಾಲಿ ನೋಡಿದ, ಕಬ್ಬಿಣದ ಕೋಲು ನೋಡಿದ, ಅಕ್ಕನನ್ನು ನೋಡಿದ.

"ಅಲ್ಲ ಕಣೇ, ಅಟ್ಟದ ಮೇಲೆ ಇನ್ನೊಂದು ಇತ್ತಲ್ವಾ?"

"ಇತ್ತು."

"ಮತ್ತೆ? ನಿನಗೆ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು ಕಣೋ!" ಅವಳ ದನಿ ಒಡೆಯಿತು. "ಅದೊಂದೇ ಉಳಿದಿರೋದು. ಅದೂ ಮುರಿದ್ರೆ ಅಪ್ಪ ಪೂರ್ತಿ ಹೋದ ಹಾಗೆ ಅನ್ನಿಸ್ತು. ಅದನ್ನ ಉಳಿಸೋಕೆ ಹೋಗಿ ಇದನ್ನ ಕೊಂದೆ. ಈಗ ಹೇಳು, ಕೆಟ್ಟ ಮೇಲೆ ಬುದ್ಧಿ ಬಂತು ಅಂತ. ಹೇಳು, ಅನ್ನಿಸ್ಕೋತೀನಿ."

ತಮ್ಮ ಅವಳ ಪಕ್ಕ ಕೂತು ಟೇಪನ್ನು ಸುರುಳಿ ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ.

ಗಾಲಿಯನ್ನು ಕಮ್ಮಾರನೇ ಬದುಕಿಸಿದ. ಕೆಂಡದಲ್ಲಿ ನಿಧಾನವಾಗಿ ಕಾಯಿಸಿ, ಬಿರುಕಿಗೆ ಹಿತ್ತಾಳೆ ಕರಗಿಸಿ ಬೆಸೆದು, ಆಮೇಲೆ ಒಂದೂವರೆ ದಿನ ಬೂದಿಯಲ್ಲಿ ಹೂತಿಟ್ಟ. ಎರಕದ ಕಬ್ಬಿಣ ಅವಸರದಲ್ಲಿ ಆರಿದರೆ ಮತ್ತೆ ಸೀಳುತ್ತದೆ. ಹೊರತೆಗೆದಾಗ ಬೂದುಬಣ್ಣದ ಗಾಲಿಯಲ್ಲಿ ಹಳದಿ ಗೆರೆಯೊಂದು ಮೂಡಿತ್ತು. "ಸುಮ್ನೆ ತಿರುಗೋಕೆ ತೊಂದರೆ ಇಲ್ಲ. ಆದ್ರೆ ಇನ್ನೊಂದು ಅಂಥ ಪೆಟ್ಟು ಬಿದ್ರೆ ಗುಜರಿಗೇ ಹಾಕ್ಬೇಕು" ಎಂದ. ಆಮೇಲೆ ಕಬ್ಬಿಣದ ಕೋಲನ್ನು ತಾನೇ ತೆಗೆದು ಮೂಲೆಗೆಸೆದು, ಮೆಲ್ಲಗೆ ನಕ್ಕ. "ಕೊನೆಗೆ ಹಳೇ ಗಂಡನ ಪಾದವೇ ಗತಿ ಅಕ್ಕಾ. ಮರದ್ದೇ ಹಾಕಿ."

ಅವಳು ಏಣಿ ಹತ್ತಿದಳು. ಕೊನೆಯ ಕೋಲನ್ನು ಎರಡೂ ಕೈಯಲ್ಲಿ ಇಳಿಸಿ ತಂದು, ಬೋಲ್ಟು ಬಿಗಿದಳು.

ಹನ್ನೆರಡು ದಿನ ಕೊಯ್ದಳು. ಅಷ್ಟು ದಿನವೂ ಕಣ್ಣು ಹುಲ್ಲಿನ ಮೇಲಿರಲಿಲ್ಲ, ಕೋಲಿನ ಮೇಲಿತ್ತು. ಪ್ರತಿ ಹೊಲಕ್ಕೆ ಇಳಿಯುವ ಮೊದಲು ಉದ್ದಗಲಕ್ಕೂ ನಡೆದು ಕಲ್ಲು ಹೆಕ್ಕಿದಳು. ಹೊಲದವರಿಗೆ ನಗು, ಅವಳಿಗೆ ಪ್ರಾಣಸಂಕಟ. ಕೊನೆಯ ಹೊಲದ ಕೊನೆಯ ನಾಲ್ಕು ಸುತ್ತು ಉಳಿದಿದ್ದಾಗ, ಹುಲ್ಲಿನಲ್ಲಿ ಮುಚ್ಚಿಹೋಗಿದ್ದ ಹಳೆಯ ಬೇಲಿಗೂಟದ ಮೋಟು ಅಲಗಿಗೆ ಸಿಕ್ಕಿತು. ಟಕ್ ಎಂದಿತು, ಅಷ್ಟೇ. ಅಲಗು ನಿಂತಿತು, ಗಾಲಿ ತನ್ನ ಪಾಡಿಗೆ ಖಾಲಿ ತಿರುಗುತ್ತಿತ್ತು. ಹಿತ್ತಾಳೆಯ ಗೆರೆ ಗಟ್ಟಿಯಾಗಿತ್ತು. ಅಪ್ಪನ ಕೋಲು ಮಾತ್ರ ಎರಡು ತುಂಡಾಗಿ, ಉದ್ದ ಸೀಳು ಬಿಟ್ಟುಕೊಂಡು ನೆಲದ ಮೇಲೆ ಬಿದ್ದಿತ್ತು.

ಒಲೆಗೆ ಹಾಕಲು ಅವಳಿಗೆ ಕೈ ಬರಲಿಲ್ಲ. ಟವೆಲ್ಲಿನಲ್ಲಿ ಸುತ್ತಿಕೊಂಡು ತಮ್ಮನ ಅಂಗಡಿಗೆ ಹೋಗಿ, ಕಟಿಂಗ್ ಮೇಜಿನ ಮೇಲೆ, ಯಾರದೋ ಪ್ಯಾಂಟಿನ ಬಟ್ಟೆಯ ಪಕ್ಕ ಬಿಚ್ಚಿಟ್ಟಳು. "ಮುಗೀತು ಕಣೋ" ಎಂದಳು. "ಇನ್ನೇನೂ ಉಳಿದಿಲ್ಲ."

ತಮ್ಮ ಕನ್ನಡಕ ಏರಿಸಿದ. ಎರಡು ತುಂಡನ್ನೂ ಸೀಳಿಗೆ ಸೀಳು ಕೂಡಿಸಿ ಜೋಡಿಸಿದ. ಆಮೇಲೆ ಬೆಸುಗೆಯವನೂ ಅಲ್ಲ, ಬಡಗಿಯೂ ಅಲ್ಲ, ಅಪ್ಪಟ ಟೈಲರಿನ ಹಾಗೆ ಮಾತಾಡಿದ.

"ಅಕ್ಕಾ, ಹೊಸ ಅಂಗಿ ಹೊಲಿಸೋಕೆ ಬಂದವರಿಗೆ ನಾನು ಏನು ಹೇಳ್ತೀನಿ? ಸರಿಯಾಗಿ ಕೂರೋ ಹಳೇ ಅಂಗಿ ಒಂದು ತನ್ನಿ ಅಂತೀನಿ. ಹರಿದಿದ್ರೂ ಪರವಾಗಿಲ್ಲ. ಅಳತೆ ಹರಿಯಲ್ವಲ್ಲ."

ಕಂದು ಕಾಗದ ಹಾಸಿ, ಕೋಲನ್ನು ಅದರ ಮೇಲಿಟ್ಟು, ಸುತ್ತ ಚಾಕ್ ಎಳೆದ. ತೂತಿನಿಂದ ತೂತಿಗೆ ಟೇಪು ಹಿಡಿದ. ನಡುವೆ ಎಷ್ಟು ದಪ್ಪ, ತುದಿಗೆ ಎಷ್ಟು ಸಣ್ಣ, ಎಲ್ಲವನ್ನೂ ಕಾಗದದ ಮೇಲೆ ಬರೆದ. ಬರೆಯುತ್ತ ಬರೆಯುತ್ತ ಅವನೇ ಮೂಗು ಒರೆಸಿಕೊಂಡ. "ಮುದುಕನ ಕೈ ನೋಡೇ, ಎರಡು ಕಡೆಗೂ ಕೂದಲೆಳೆ ವ್ಯತ್ಯಾಸ ಇಲ್ಲ."

ಅಳತೆ ಸಿಕ್ಕಿತು, ಮರ? ಅಪ್ಪ ಗರಗಸದಲ್ಲಿ ಕುಯ್ದ ಮರ ಮುಟ್ಟುತ್ತಿರಲಿಲ್ಲ. ಸೀಳಿದ ಮರವೇ ಆಗಬೇಕು, ಎಳೆ ಈ ತುದಿಯಿಂದ ಆ ತುದಿವರೆಗೆ ಓಡಬೇಕು, ವರ್ಷಗಟ್ಟಲೆ ಒಣಗಿರಬೇಕು. ಅಂಥದ್ದು ಎಲ್ಲಿಂದ ತರುವುದು? ಮನೆಯೆಲ್ಲ ಹುಡುಕಿ ಸುಸ್ತಾಗಿ ಅಟ್ಟದ ಕೆಳಗೆ ಬಂದು ನಿಂತಾಗ ಅವಳ ಕಣ್ಣಿಗೆ ಬಿದ್ದದ್ದು ಏಣಿ. ಅಪ್ಪನೇ ಸೀಳಿ ಮಾಡಿದ್ದು, ಐವತ್ತು ವರ್ಷ ಒಣಗಿದ್ದು. ಇಳಿಸಲು ಅಟ್ಟದ ಮೇಲೆ ಈಗ ಕೋಲೇ ಇಲ್ಲ. ಇನ್ನು ಏಣಿ ಯಾಕೆ?

"ಹತ್ತಿದ ಏಣೀನ ಒದೀಬಾರ್ದು ಅಂತಾರೆ" ಎಂದ ಅವಳ ಗಂಡ, ಅಂಚೆ ಕಚೇರಿಯಿಂದ ಬಂದು ಅಂಗಳದಲ್ಲಿ ಬಿದ್ದಿದ್ದ ಮೆಟ್ಟಿಲುಗಳನ್ನು ನೋಡಿ.

"ಒದ್ದಿಲ್ಲ ರೀ, ಬಿಚ್ಚಿದೀನಿ" ಎಂದಳು ಅವಳು, ಕೈಯಲ್ಲಿ ಅಪ್ಪನ ಉಳಿ ಹಿಡಿದು.

ಮೊದಲನೆಯದು ತೂತು ಕೊರೆಯುವಾಗಲೇ ಸೀಳಿತು. ಎರಡನೆಯದು ನೋಡಲು ಚೆಂದ, ಮಿಷನ್ನಿಗೆ ಹಾಕಿದರೆ ಹಲ್ಲು ಕಡಿದಂತೆ ಅದುರಿತು. ಅದೇ ಒಲೆಗೆ ಹೋಗಿ ಕಾಫಿಯಾಯಿತು. ಮೂರನೆಯದನ್ನು ಕಾಗದಕ್ಕೆ ಹಿಡಿದು ಹಿಡಿದು ಕೆತ್ತಿ, ಅಗಸೆ ಎಣ್ಣೆ ಕುಡಿಸಿ, ಎರಡನೆಯ ಬೆಳೆ ಹುಲ್ಲು ಬರುವವರೆಗೆ ಬಾಗಿಲ ಹಿಂದೆ ತೂಗುಹಾಕಿದಳು. ಅದೇ ಅಳತೆಗೆ ನಾಲ್ಕನೆಯದನ್ನೂ ಮಾಡಿಟ್ಟಳು.

ಎರಡನೆಯ ಕೊಯ್ಲು ಶುರುವಾದದ್ದು ಹಾಲಿನವನ ಅದೇ ತಗ್ಗಿನ ಹುಲ್ಲುಗಾವಲಿನಲ್ಲಿ. ರಜೆಯ ದಿನ, ತಮ್ಮನೂ ಬಂದಿದ್ದ. ಅಪ್ಪನ ಕವೆಗೋಲು ಹಿಡಿದು ಹಿಂದೆ ನಡೆಯುತ್ತಿದ್ದ, ಅರ್ಧ ಹುಲ್ಲು ತನ್ನ ಕಾಲಿಗೇ ಸುತ್ತಿಕೊಂಡು. ಮೊದಲ ಸುತ್ತು ಮುಗಿದು ಅವಳು ಇಂಜಿನ್ ನಿಧಾನ ಮಾಡಿದಳು. ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಕೇಳಿಸಿತು:

"ಎಣ್ಣೆ ಹಾಕಿದ್ಯಾ?"

"ನೋಡ್ತಾ ಇಲ್ವೇನೋ, ಹಾಕ್ತಾ ಇದೀನಿ!" ಎಂದು ಸಿಡುಕಿದಳು. ಸಿಡುಕಿ ಎಷ್ಟು ವರ್ಷವಾಗಿತ್ತೋ, ಹಿತವಾಯಿತು.

ಆರನೆಯ ಸುತ್ತಿನಲ್ಲಿ ಕಲ್ಲು ಸಿಕ್ಕಿತು. ಟಕ್.

ಇಂಜಿನ್ ಆರಿಸಿ ಇಳಿದಳು. ಮೊದಲು ಗಾಲಿಯ ಹಳದಿ ಗೆರೆಯ ಮೇಲೆ ಹೆಬ್ಬೆರಳು ಎಳೆದಳು, ಸರಿಯಾಗಿತ್ತು. ಅಲಗುಗಳನ್ನು ಒಂದೊಂದಾಗಿ ನೋಡಿದಳು, ಒಂದಕ್ಕೂ ಪೆಟ್ಟಿಲ್ಲ. ಆಮೇಲೆ ಬಗ್ಗಿ, ತಾನು ಮಾಡಿದ ಕೋಲಿನ ಎರಡು ತುಂಡುಗಳನ್ನು ಹುಲ್ಲಿನಿಂದ ಎತ್ತಿಕೊಂಡಳು. ಎಳೆಯುದ್ದಕ್ಕೂ ಓರೆಯಾಗಿ, ಉದ್ದಕ್ಕೆ ಸೀಳಿತ್ತು. ಥೇಟ್ ಅಪ್ಪನ ಕೋಲು ಮುರಿದಂತೆಯೇ.

ತಮ್ಮ ಏದುಸಿರು ಬಿಡುತ್ತ ಓಡಿಬಂದ. ಅಕ್ಕನ ಕಣ್ಣಲ್ಲಿ ನೀರು ನೋಡಿ ಅವನ ಮುಖ ಬಾಡಿತು. "ಮುರೀತಾ?"

"ಮುರೀತು ಕಣೋ" ಎಂದಳು ಕತ್ತರಿಯಕ್ಕ. ಅಳುತ್ತಿದ್ದಳು, ನಗುತ್ತಲೂ ಇದ್ದಳು. "ಎಷ್ಟು ಚೆನ್ನಾಗಿ ಮುರಿದಿದೆ ನೋಡು!"